ತಪ್ಪಿಗೂ ಒಂದು ದಫ್ತರ: ಡೇಟಾಬೇಸ್ ಸರ್ವರಿನ ದೋಷದಾಖಲೆಯೂ ಧಾರಾವಿಯ ಹೆಸರುಗಳೂ

ಜನರ ಹೆಸರು, ವಿಳಾಸ, ವಾಸದ ಅವಧಿ, ಹಣದ ಲೆಕ್ಕ ಮುಂತಾದವುಗಳನ್ನು ಕ್ರಮವಾಗಿ ಸಂಗ್ರಹಿಸಿಟ್ಟು, ಕೇಳಿದ ಕೂಡಲೇ ಹುಡುಕಿ ಒದಗಿಸುವ ತಂತ್ರಾಂಶವನ್ನು ಡೇಟಾಬೇಸ್ ಸರ್ವರ್ ಎಂದು ಕರೆಯುತ್ತಾರೆ. ನ್ಯಾಯಬೆಲೆ ಅಂಗಡಿಯಲ್ಲಾಗಲಿ ನಾಡಕಚೇರಿಯಲ್ಲಾಗಲಿ 'ಸರ್ವರ್ ಇಲ್ಲ' ಎಂಬ ಉತ್ತರ ಬಂದಾಗ ಅದರ ಹಿಂದೆ ಡಿಸ್ಕ್ ತುಂಬಿರಬಹುದು, ಏಕಕಾಲಕ್ಕೆ ಒಳಬರಬಹುದಾದ ಸಂಪರ್ಕಗಳ ಮಿತಿ ಮುಗಿದಿರಬಹುದು, ಇಬ್ಬರು ಗುಮಾಸ್ತರು ಒಂದೇ ದಾಖಲೆಗಳನ್ನು ತಿದ್ದಲು ಹೊರಟು ಒಬ್ಬರಿಗಾಗಿ ಇನ್ನೊಬ್ಬರು ಕಾಯುವ ಸ್ಥಿತಿ ಉಂಟಾಗಿರಬಹುದು, ಇಲ್ಲವೇ ಯಾವುದೋ ಒಂದು ಹೆಸರಿನ ಕೊನೆಯ ಅಕ್ಷರ ಮುರಿದು ಬಂದದ್ದರಿಂದ ಸರ್ವರ್ ಇಡೀ ಕಡತವನ್ನೇ ತಿರಸ್ಕರಿಸಿರಬಹುದು. ಸಾಲಿನಲ್ಲಿ ನಿಂತವರಿಗೆ ಇವೆಲ್ಲವೂ ಒಂದೇ ಆಗಿ ಕಂಡರೂ, ಇವುಗಳನ್ನು ಬಿಡಿಸಿ ಬರೆದಿಡುವ ದಫ್ತರವೊಂದನ್ನು ಸರ್ವರ್ ತನ್ನೊಳಗೆ ಇಟ್ಟುಕೊಂಡಿರುತ್ತದೆ. ಅದೇ ದೋಷದಾಖಲೆ, ತಂತ್ರಜ್ಞರ ಬಾಯಲ್ಲಿ ಎರರ್ ಲಾಗ್, ಅಥವಾ ಬರೀ ಲಾಗ್.

ಈ ದಫ್ತರದಲ್ಲಿ ಏನನ್ನು ಬರೆಯಬೇಕು, ಎಷ್ಟು ವಿವರವಾಗಿ ಬರೆಯಬೇಕು, ಎಲ್ಲಿ ಬರೆಯಬೇಕು, ಎಷ್ಟು ದಿನ ಇಟ್ಟುಕೊಳ್ಳಬೇಕು, ಯಾರಿಗೆ ಓದಲು ಬಿಡಬೇಕು ಎಂಬುದನ್ನು ಸರ್ವರ್ ನೋಡಿಕೊಳ್ಳುವ ನಿರ್ವಾಹಕರೇ ನಿರ್ಧರಿಸಿಕೊಳ್ಳಲು ಅನುಕೂಲವಾಗುವಂತೆ ತಂತ್ರಾಂಶದ ರಚನಕಾರರು ಕೆಲವು ಸೆಟ್ಟಿಂಗ್‌ಗಳನ್ನು ಒದಗಿಸಿರುತ್ತಾರೆ. ಮೇಲ್ನೋಟಕ್ಕೆ ಇವು ಕಂಪ್ಯೂಟರ್ ಕೋಣೆಯೊಳಗಿನ ಸಣ್ಣ ವ್ಯವಹಾರವೆಂದು ತೋರುತ್ತವೆ. ಆದರೆ ಈ ಸೆಟ್ಟಿಂಗ್‌ಗಳನ್ನು ಹೇಗೆ ವಿಂಗಡಿಸಲಾಗಿದೆ ಎಂಬುದರ ಮೇಲೆಯೇ ಒಂದು ತಪ್ಪು ಪತ್ತೆಯಾಗುವುದೂ ಪತ್ತೆಯಾಗದೆ ಉಳಿಯುವುದೂ, ಒಬ್ಬ ವ್ಯಕ್ತಿಯ ಖಾಸಗಿ ವಿವರ ಗುಟ್ಟಾಗಿ ಉಳಿಯುವುದೂ ಪರರ ಕಣ್ಣಿಗೆ ಬೀಳುವುದೂ ನಿಂತಿರುತ್ತದೆ. ಲಾಗ್‌ನ ಹೊಂದಾಣಿಕೆಯನ್ನು ರೇಡಿಯೋದ ಸದ್ದು ಹೆಚ್ಚಿಸುವ, ತಗ್ಗಿಸುವ ಒಂದೇ ತಿರುಪಿನಂತೆ ಭಾವಿಸಿ ರೂಪಿಸಿದಲ್ಲೆಲ್ಲ ತೊಂದರೆ ಹುಟ್ಟಿದೆ. ಬೇರೆಬೇರೆ ಪ್ರಶ್ನೆಗಳಿಗೆ ಬೇರೆಬೇರೆ ಸೆಟ್ಟಿಂಗ್‌ಗಳನ್ನು ಕೊಟ್ಟಲ್ಲಿ ಅದು ಕೆಲಸಕ್ಕೆ ಬಂದಿದೆ.

ನಾಲ್ಕು ಅಕ್ಷರ, ಮೂವತ್ತಮೂರು ಬೈಟ್

ಈ ಮಾತನ್ನು ಪರೀಕ್ಷಿಸಿ ನೋಡಲು ಮುಂಬಯಿಯ ಧಾರಾವಿಗಿಂತ ತಕ್ಕ ಜಾಗ ಸಿಗುವುದು ಕಷ್ಟ. ಮಾಹಿಮ್ ಮತ್ತು ಸಾಯನ್ ರೈಲು ನಿಲ್ದಾಣಗಳ ನಡುವೆ, ಎರಡೂಕಾಲು ಚದರ ಕಿಲೋಮೀಟರಿನ ಆಸುಪಾಸಿನ ಪ್ರದೇಶದಲ್ಲಿ, ಕುಂಭಾರವಾಡದ ಗುಜರಾತಿ ಕುಂಬಾರರು, ತೊಗಲಿನ ಉದ್ಯಮಕ್ಕಾಗಿ ಬಂದ ತಮಿಳರು, ಉತ್ತರ ಪ್ರದೇಶದ ಕಸೂತಿ ಕೆಲಸದವರು, ಮರಾಠಿ ಮತ್ತು ತೆಲುಗು ಮಾತನಾಡುವವರು, ಉತ್ತರ ಕರ್ನಾಟಕದಿಂದ ದುಡಿಮೆಗೆಂದು ವಲಸೆ ಬಂದ ಕನ್ನಡಿಗರು ಅಕ್ಕಪಕ್ಕದಲ್ಲಿ ನೆಲೆಸಿದ್ದಾರೆ. ಬೃಹನ್ಮುಂಬಯಿ ಮಹಾನಗರಪಾಲಿಕೆಯು ಮರಾಠಿ, ಹಿಂದಿ, ಉರ್ದು, ಗುಜರಾತಿ, ಇಂಗ್ಲಿಷ್, ತಮಿಳು, ತೆಲುಗು ಮತ್ತು ಕನ್ನಡ ಎಂಬ ಎಂಟು ಮಾಧ್ಯಮಗಳಲ್ಲಿ ಶಾಲೆಗಳನ್ನು ನಡೆಸಿಕೊಂಡು ಬಂದಿರುವುದು ಈ ನಗರದ ಬಹುಭಾಷಿಕತೆಗೆ ಸಾಕ್ಷಿ. ಧಾರಾವಿಯ ಪುನರಭಿವೃದ್ಧಿಗಾಗಿ ಮನೆಮನೆಯ ಸಮೀಕ್ಷೆ 2024ರ ಮಾರ್ಚ್ 18ರಂದು ಕಮಲಾ ರಾಮನ್ ನಗರದಿಂದ ಆರಂಭವಾಯಿತು. ಪ್ರತಿ ಕಟ್ಟಡಕ್ಕೂ ಪ್ರತ್ಯೇಕ ಸಂಖ್ಯೆ ಕೊಡುವುದು, ವಾಸದ ದಾಖಲೆಗಳನ್ನು ಸಂಗ್ರಹಿಸುವುದು ಅದರ ಭಾಗವಾಗಿತ್ತು. 2000ದ ಜನವರಿ 1ಕ್ಕೆ ಮೊದಲು ಅಲ್ಲಿ ನೆಲೆಸಿದ್ದರೇ ಎಂಬ ಪ್ರಶ್ನೆಯ ಮೇಲೆ ಒಂದು ಕುಟುಂಬದ ಅರ್ಹತೆ ನಿಲ್ಲುವಾಗ, ದಾಖಲೆಯಲ್ಲಿ ಹೆಸರು ಸರಿಯಾಗಿ ಕೂರುವುದು ಬದುಕಿನ ಪ್ರಶ್ನೆಯೇ ಆಗುತ್ತದೆ. ಮುಂದಿನ ಉದಾಹರಣೆಗಳು ಈ ಸಮೀಕ್ಷೆಯ ಅಥವಾ ಬೇರಾವುದೇ ನಿರ್ದಿಷ್ಟ ಕಚೇರಿಯ ಕಂಪ್ಯೂಟರಿಗೆ ಸಂಬಂಧಿಸಿದವಲ್ಲ. ಇಂತಹ ಬಹುಭಾಷಿಕ ಪ್ರದೇಶದ ಹೆಸರುಗಳನ್ನು ಯಾವ ಡೇಟಾಬೇಸಿಗೆ ತುಂಬಿದರೂ ಎದುರಾಗಬಲ್ಲ ಸಂಗತಿಗಳು.

'ಲಕ್ಷ್ಮೀಬಾಯಿ' ಎಂಬ ಹೆಸರನ್ನೇ ತೆಗೆದುಕೊಳ್ಳಬಹುದು. ಓದುವವರಿಗೆ ಇದು ಲ, ಕ್ಷ್ಮೀ, ಬಾ, ಯಿ ಎಂಬ ನಾಲ್ಕು ಅಕ್ಷರಗಳ ಹೆಸರು. ಲೋಕದ ಲಿಪಿಗಳಿಗೆಲ್ಲ ಸಾಮಾನ್ಯವಾದ ಯೂನಿಕೋಡ್ ವ್ಯವಸ್ಥೆಯಲ್ಲಿ ವ್ಯಂಜನ, ಒತ್ತಕ್ಷರವನ್ನು ಕೂಡಿಸುವ ಹಲಂತ ಚಿಹ್ನೆ, ಸ್ವರಚಿಹ್ನೆ ಇವೆಲ್ಲಕ್ಕೂ ಪ್ರತ್ಯೇಕ ಸಂಕೇತಗಳಿರುವುದರಿಂದ ಅದೇ ಹೆಸರು ಹನ್ನೊಂದು ಸಂಕೇತಗಳಾಗುತ್ತದೆ. ಯುಟಿಎಫ್-8 ಎಂಬ ಬರವಣಿಗೆ ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕಾಗುವುದರಿಂದ ಒಟ್ಟು 33 ಬೈಟ್ ಆಗುತ್ತದೆ. ರೋಮನ್ ಲಿಪಿಯ ಅಕ್ಷರಕ್ಕೆ ಒಂದೇ ಬೈಟ್ ಸಾಕು. ಉರ್ದುವಿನ ಅಕ್ಷರಕ್ಕೆ ಎರಡು. ದೇವನಾಗರಿ, ತಮಿಳು, ತೆಲುಗು, ಗುಜರಾತಿಗಳಿಗೆ ಕನ್ನಡದಂತೆಯೇ ಮೂರು.

ದಾಖಲೆಗಳನ್ನು ಹೊತ್ತು ತರುವ ನಡುವಿನ ಯಾವುದೋ ಹಳೆಯ ಪ್ರೋಗ್ರಾಂ ಹೆಸರಿಗೆ 32 ಬೈಟ್ ಮಾತ್ರ ಜಾಗ ಕೊಟ್ಟಿದೆ ಎಂದುಕೊಂಡರೆ, ಹತ್ತು ಸಂಕೇತಗಳು ಇಡಿಯಾಗಿ ಉಳಿದು, ಕೊನೆಯ ಗುಡಿಸಿನ ಮೂರು ಬೈಟುಗಳಲ್ಲಿ 224 ಮತ್ತು 178 ಮಾತ್ರ ದಾಟಿ ಬಂದು, 191 ಎಂಬ ಮೂರನೆಯದು ಕತ್ತರಿಸಿಹೋಗುತ್ತದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಮುಕ್ತ ತಂತ್ರಾಂಶದ ಡೇಟಾಬೇಸಿಗೆ ಅಲ್ಪವಿರಾಮದಿಂದ ಬೇರ್ಪಡಿಸಿದ ಇಂತಹ ಸಾವಿರಾರು ಸಾಲುಗಳ ಕಡತವನ್ನು 'ಕಾಪಿ' ಆದೇಶದ ಮೂಲಕ ಒಟ್ಟಿಗೆ ತುಂಬಲು ಹೊರಟಾಗ, ಮೂರನೆಯ ಬೈಟ್ ಇರಬೇಕಾದಲ್ಲಿ ಅಲ್ಪವಿರಾಮದ ಬೈಟಾದ 44 ಬಂದದ್ದನ್ನು ಕಂಡು ಸರ್ವರ್ ಇಡೀ ಕಡತವನ್ನು ತಿರಸ್ಕರಿಸುತ್ತದೆ. ಆಗ ಲಾಗ್‌ನಲ್ಲಿ ಯುಟಿಎಫ್-8ಕ್ಕೆ ಹೊಂದದ ಬೈಟ್ ಸರಣಿ ಬಂದಿದೆ ಎಂಬ ದೋಷದ ಸಾಲು, ಆ ಮೂರು ಬೈಟುಗಳ ಬೆಲೆ, ಅದರ ಕೆಳಗೆ 'ಸಂದರ್ಭ' ಎಂಬ ಇನ್ನೊಂದು ಸಾಲಿನಲ್ಲಿ ಯಾವ ಕೋಷ್ಟಕಕ್ಕೆ ತುಂಬುವಾಗ ಕಡತದ ಎಷ್ಟನೆಯ ಸಾಲಿನಲ್ಲಿ ಹೀಗಾಯಿತು ಎಂಬ ಮಾಹಿತಿ ದಾಖಲಾಗುತ್ತವೆ. ಯೂನಿಕೋಡ್‌ಗಿಂತ ಹಿಂದಿನ ನುಡಿ, ಬರಹ ಫಾಂಟುಗಳಲ್ಲಿ ಟೈಪು ಮಾಡಿದ ಪಟ್ಟಿಗಳನ್ನು ಪರಿವರ್ತಿಸದೆ ನೇರವಾಗಿ ತುಂಬಿದಾಗಲೂ ಇದೇ ಬಗೆಯ ದೋಷ ಬರುತ್ತದೆ.

ಇಂಗ್ಲಿಷ್ ಹೆಸರುಗಳನ್ನು ಮಾತ್ರ ಕೊಟ್ಟು ಪರೀಕ್ಷಿಸಿದ ಪ್ರೋಗ್ರಾಮಿನಲ್ಲಿ ಈ ದೋಷ ಎಂದಿಗೂ ತಲೆದೋರುವುದಿಲ್ಲ, ಏಕೆಂದರೆ ಒಂದು ಬೈಟಿನ ಅಕ್ಷರವನ್ನು ನಡುವೆ ಕತ್ತರಿಸಲು ಬರುವುದಿಲ್ಲ. ರೋಮನ್ ಲಿಪಿಯಲ್ಲಿ ಬಂದ ಉದ್ದನೆಯ ಹೆಸರು ತುಂಡಾದರೂ ಸದ್ದಿಲ್ಲದೆ ಒಳಸೇರುತ್ತದೆ. ಕನ್ನಡದ, ತಮಿಳಿನ, ಮರಾಠಿಯ ಹೆಸರು ಮಾತ್ರ ಕಡತವನ್ನೇ ನಿಲ್ಲಿಸುತ್ತದೆ. ಕಡತ ಏಕೆ ನಿಂತಿತೆಂಬ ಪ್ರಶ್ನೆಗೆ ಇಡೀ ವ್ಯವಸ್ಥೆಯಲ್ಲಿ ಖಚಿತ ಉತ್ತರ ಇರುವುದು ಆ ಎರಡು ಸಾಲುಗಳಲ್ಲಿ. ಅವು ಲಾಗ್‌ನಲ್ಲಿ ಉಳಿಯುತ್ತವೆಯೇ ಇಲ್ಲವೇ ಎಂಬುದನ್ನು ತೀರ್ಮಾನಿಸುವುದು ಸೆಟ್ಟಿಂಗ್‌ಗಳು.

ತೀವ್ರತೆಯ ಮೆಟ್ಟಿಲುಗಳು

ಮೊದಲ ಸೆಟ್ಟಿಂಗ್ ತೀವ್ರತೆಯದು. ಪ್ರತಿ ಸಂದೇಶಕ್ಕೂ ಅದರ ಗಂಭೀರತೆಗೆ ತಕ್ಕ ದರ್ಜೆಯೊಂದನ್ನು ಕೊಟ್ಟು, ಇಂತಹ ದರ್ಜೆಯಿಂದ ಮೇಲಿನವುಗಳನ್ನು ಮಾತ್ರ ಬರೆದಿಡು ಎಂದು ಹೇಳುವ ಪದ್ಧತಿ 1980ರ ದಶಕದಲ್ಲಿ ಎರಿಕ್ ಆಲ್‌ಮನ್ ಅವರು ಸೆಂಡ್‌ಮೇಲ್ ಎಂಬ ಅಂಚೆ ತಂತ್ರಾಂಶಕ್ಕಾಗಿ ರೂಪಿಸಿದ ಸಿಸ್‌ಲಾಗ್‌ನಿಂದ ವ್ಯಾಪಕವಾಯಿತು. 2009ರಲ್ಲಿ ಪ್ರಕಟವಾದ ಅದರ ಮಾನಕದಲ್ಲಿ 0ಯಿಂದ 7ರವರೆಗೆ ಎಂಟು ದರ್ಜೆಗಳಿವೆ. ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ 0ಯಿಂದ 25ರವರೆಗೆ ದರ್ಜೆಗಳನ್ನು ಇಟ್ಟುಕೊಂಡು, 19 ಮತ್ತು ಅದಕ್ಕಿಂತ ಮೇಲಿನವುಗಳನ್ನು ತಾನಾಗಿಯೇ ದೋಷದಾಖಲೆಗೆ ಸೇರಿಸುತ್ತದೆ. ಮೈಎಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸ್ 1, 2, 3 ಎಂಬ ಮೂರೇ ಅಂಕಿಗಳಲ್ಲಿ ಇದನ್ನು ಮುಗಿಸಿ, ಮೊದಲನೆಯದಕ್ಕೆ ದೋಷಗಳು, ಎರಡನೆಯದಕ್ಕೆ ದೋಷಗಳ ಜೊತೆ ಎಚ್ಚರಿಕೆಗಳು, ಮೂರನೆಯದಕ್ಕೆ ಮಾಹಿತಿ ಸಂದೇಶಗಳೂ ಸೇರುವಂತೆ ಮಾಡಿದೆ.

ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ ವಿನ್ಯಾಸದಲ್ಲಿ ಇದರ ಜೊತೆಗೆ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಅಲ್ಲಿ ಸರ್ವರಿನ ಲಾಗ್‌ಗೆ ಹೋಗುವ ಸಂದೇಶಗಳಿಗೊಂದು ಮಿತಿ, ಡೇಟಾಬೇಸನ್ನು ಬಳಸುತ್ತಿರುವವರ ಪರದೆಗೆ ಹೋಗುವ ಸಂದೇಶಗಳಿಗೆ ಇನ್ನೊಂದು ಮಿತಿ ಎಂದು ಎರಡು ಸೆಟ್ಟಿಂಗ್‌ಗಳಿವೆ. 'ಲಾಗ್' ಎಂಬ ಹೆಸರಿನ ದರ್ಜೆಯ ಸ್ಥಾನವೇ ಈ ಎರಡರಲ್ಲಿ ಬೇರೆಬೇರೆ: ನಿರ್ವಾಹಕರ ಏಣಿಯಲ್ಲಿ ಅದು ಸಾಮಾನ್ಯ ದೋಷಕ್ಕಿಂತಲೂ ಮೇಲಿನ ಮೆಟ್ಟಿಲಲ್ಲಿದ್ದರೆ, ಬಳಕೆದಾರರ ಏಣಿಯಲ್ಲಿ ತೀರ ಕೆಳಗೆ, ತಂತ್ರಾಂಶ ಬರೆಯುವವರಿಗಷ್ಟೇ ಬೇಕಾದ ಸಂದೇಶಗಳ ನೆರೆಯಲ್ಲಿದೆ. ಕಚೇರಿಯ ಗುಮಾಸ್ತರು ಒಂದು ಕಡ್ಡಾಯ ಕಲಂ ತುಂಬದೆ ಬಿಟ್ಟರೆ ಅದು ಅವರ ಪಾಲಿಗೆ ಆ ಕ್ಷಣದ ಮುಖ್ಯ ಸುದ್ದಿ, ನಿರ್ವಾಹಕರಿಗೆ ನಿತ್ಯದ ಗದ್ದಲ; ಇಬ್ಬರ ಆದೇಶಗಳು ಒಂದಕ್ಕೊಂದು ತಡೆಯಾಗಿ ಒಂದು ಸೆಕೆಂಡಿಗಿಂತ ಹೆಚ್ಚು ಹೊತ್ತು ಕಾದವು ಎಂಬ ಸಂಗತಿ ನಿರ್ವಾಹಕರಿಗೆ ಬೇಕು, ಗುಮಾಸ್ತರಿಗೆ ಬೇಡ. ಸಂದೇಶ ಎಷ್ಟು ಗಂಭೀರ ಎಂಬ ಪ್ರಶ್ನೆಗೆ ಯಾರಿಗೆ ಗಂಭೀರ ಎಂಬ ಪ್ರಶ್ನೆ ಅಂಟಿಕೊಂಡೇ ಬರುತ್ತದೆಂಬುದನ್ನು ಈ ರಚನಕಾರರು ಸೆಟ್ಟಿಂಗ್‌ನಲ್ಲಿಯೇ ಒಪ್ಪಿಕೊಂಡಿದ್ದಾರೆ.

ಬೇಡದ ಸಂದೇಶಗಳನ್ನು ತಡೆಯುವ ಅಧಿಕಾರಕ್ಕೂ ಒಂದು ಗಡಿ ಬೇಕಾಗುತ್ತದೆ. 2018ರಲ್ಲಿ ಹೊರಬಂದ ಮೈಎಸ್‌ಕ್ಯೂಎಲ್ 8.0 ದೋಷದಾಖಲೆಯನ್ನು ಸೋಸುವ ಭಾಗ, ಬರೆಯುವ ಭಾಗ ಎಂದು ಬಿಡಿಬಿಡಿಯಾಗಿ ಜೋಡಿಸಬಹುದಾದ ಘಟಕಗಳನ್ನಾಗಿ ಮಾಡಿ, ಇಂತಿಂಥ ಸಂಖ್ಯೆಯ ಸಂದೇಶಗಳು ಬೇಡವೆಂದು ಪಟ್ಟಿ ಕೊಡುವ ಸೌಲಭ್ಯವನ್ನೂ ನೀಡಿತು. ಆದರೆ ಆ ಪಟ್ಟಿ ಅನ್ವಯಿಸುವುದು ಎಚ್ಚರಿಕೆ ಮತ್ತು ಮಾಹಿತಿಗಳಿಗೆ ಮಾತ್ರ; ದೋಷವೆಂದು ವರ್ಗೀಕೃತವಾದದ್ದನ್ನು ಅದರ ಮೂಲಕ ಅಡಗಿಸಲು ಬರುವುದಿಲ್ಲ. ಕಿರಿಕಿರಿ ತಾಳಲಾರದ ನಿರ್ವಾಹಕರೊಬ್ಬರು ಒಂದು ಸಂಜೆ ಸೇರಿಸಿದ ಸಂಖ್ಯೆಯಿಂದಾಗಿ ಮುಂದಿನ ವರ್ಷದ ಅನಾಹುತದ ಸುಳಿವು ಅಳಿಸಿಹೋಗಬಾರದೆಂಬ ಎಚ್ಚರ ಇಲ್ಲಿ ಕಾಣುತ್ತದೆ.

ವಿವರ ಹೆಚ್ಚಿದಂತೆ ಗುಟ್ಟು ಕಡಿಮೆ

ಯಾವ ಸಂದೇಶಗಳು ಎಂಬುದು ತೀರ್ಮಾನವಾದ ಮೇಲೆ ಪ್ರತಿ ಸಂದೇಶದಲ್ಲಿ ಎಷ್ಟು ವಿವರ ಎಂಬ ಪ್ರಶ್ನೆ ಬರುತ್ತದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಇದಕ್ಕೆ ಸಂಕ್ಷಿಪ್ತ, ಸಾಮಾನ್ಯ, ವಿಸ್ತೃತ ಎಂಬ ಮೂರು ಹಂತಗಳನ್ನು ಇಟ್ಟಿದೆ. ಸಾಮಾನ್ಯ ಹಂತದಲ್ಲಿ ಮುಖ್ಯ ಸಂದೇಶದ ಕೆಳಗೆ ವಿವರ, ಸಲಹೆ, ಸಂದರ್ಭ ಎಂಬ ಸಾಲುಗಳು ಬರುತ್ತವೆ. ಸಂಕ್ಷಿಪ್ತದಲ್ಲಿ ಇವೆಲ್ಲ ಬಿಟ್ಟುಹೋಗುತ್ತವೆ. ವಿಸ್ತೃತದಲ್ಲಿ ಇವುಗಳ ಜೊತೆಗೆ ದೋಷದ ಐದು ಸ್ಥಾನಗಳ ಸಂಕೇತವೂ ತಂತ್ರಾಂಶದ ಯಾವ ಕಡತದ ಯಾವ ಸಾಲಿನಲ್ಲಿ ದೋಷ ಹುಟ್ಟಿತೆಂಬುದೂ ಸೇರಿಕೊಳ್ಳುತ್ತವೆ.

ವಾಸ ಆರಂಭವಾದ ವರ್ಷವು ಈಗಿನ ವರ್ಷವನ್ನು ಮೀರಬಾರದು ಎಂಬ ನಿಯಮವಿರುವ ಕೋಷ್ಟಕಕ್ಕೆ 2004 ಎಂದು ಹಾಕುವ ಬದಲು ಕೈತಪ್ಪಿ 2204 ಎಂದು ಹಾಕಿದರೆ ಸರ್ವರ್ ಅದನ್ನು ನಿರಾಕರಿಸುವುದು ಸರಿಯಷ್ಟೆ. ಆದರೆ ಪೋಸ್ಟ್‌ಗ್ರೆಸ್‌ಕ್ಯೂಎಲ್ ತನ್ನ 'ವಿವರ' ಸಾಲಿನಲ್ಲಿ ತಿರಸ್ಕೃತವಾದ ಇಡೀ ದಾಖಲೆಯನ್ನು ಉಲ್ಲೇಖಿಸುತ್ತದೆ: ಕಟ್ಟಡದ ಸಂಖ್ಯೆ, ಹೆಸರು, ಫೋನ್ ನಂಬರು, ಗುರುತಿನ ಚೀಟಿಯ ಸಂಖ್ಯೆ ಇವೆಲ್ಲ ಆ ಕೋಷ್ಟಕದಲ್ಲಿದ್ದರೆ ಅಷ್ಟೂ ಲಾಗ್‌ಗೆ ಬಂದುಬಿಡುತ್ತವೆ. ಅದಲ್ಲದೆ, ದೋಷಕ್ಕೆ ಕಾರಣವಾದ ಆದೇಶವನ್ನು ಇಡಿಯಾಗಿ ಬರೆದಿಡುವ ಇನ್ನೊಂದು ಸೆಟ್ಟಿಂಗ್ ಡೀಫಾಲ್ಟ್ ಆಗಿಯೇ, ಅಂದರೆ ಯಾರೂ ಮುಟ್ಟದಿದ್ದಾಗಲೂ, ಕೆಲಸ ಮಾಡುತ್ತಿರುತ್ತದೆ. ಮೂಲ ಕೋಷ್ಟಕಕ್ಕೆ ಎಷ್ಟೇ ಬಿಗಿಯಾದ ಕಾವಲಿಟ್ಟರೂ, ಅದರ ತುಣುಕುಗಳು ಮಾಮೂಲಿ ಪಠ್ಯ ಕಡತವೊಂದಕ್ಕೆ ಸೋರಿ ಹೊರಗುತ್ತಿಗೆಯ ನಿರ್ವಹಣಾ ಸಿಬ್ಬಂದಿಯ ಕೈಗೂ ಬ್ಯಾಕಪ್ ಡಿಸ್ಕಿಗೂ ಹೋಗುತ್ತವೆ.

ಇಂತಹ ಸೋರಿಕೆ ದೊಡ್ಡ ಸಂಸ್ಥೆಗಳನ್ನೂ ಬಿಟ್ಟಿಲ್ಲ. 2018ರ ಮೇ ತಿಂಗಳಲ್ಲಿ ಟ್ವಿಟರ್ ತನ್ನ ಸುಮಾರು 33 ಕೋಟಿ ಬಳಕೆದಾರರಿಗೆ ಪಾಸ್‌ವರ್ಡ್ ಬದಲಿಸಿಕೊಳ್ಳುವಂತೆ ಸೂಚಿಸಬೇಕಾಯಿತು. ಪಾಸ್‌ವರ್ಡನ್ನು ಗುಟ್ಟಿನ ರೂಪಕ್ಕೆ ತಿರುಗಿಸುವ ಕ್ರಿಯೆ ಮುಗಿಯುವ ಮೊದಲೇ ಅದು ಇದ್ದ ಹಾಗೆಯೇ ಒಳಗಿನ ಲಾಗೊಂದಕ್ಕೆ ಬರೆದುಹೋಗುತ್ತಿದ್ದುದು ಅದಕ್ಕೆ ಕಾರಣ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ, ಯಾವ ಕಲಂಗಳನ್ನು ನೋಡುವ ಅನುಮತಿ ಬಳಕೆದಾರರಿಗೆ ಇಲ್ಲವೋ ಅವುಗಳ ಬೆಲೆಯೂ ನಿಯಮೋಲ್ಲಂಘನೆಯ ಸಂದೇಶದ ಮೂಲಕ ಅವರಿಗೆ ಕಾಣುತ್ತಿದ್ದುದನ್ನು ಭದ್ರತಾ ಲೋಪವೆಂದೇ ಪರಿಗಣಿಸಿ 2015ರ ಫೆಬ್ರುವರಿಯಲ್ಲಿ ಸರಿಪಡಿಸಲಾಯಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಭಾರತದಲ್ಲಿಯೂ ಲಾಗ್ ಎಂಬುದು ತಂತ್ರಜ್ಞರ ಖಾಸಗಿ ಟಿಪ್ಪಣಿಯಾಗಿ ಉಳಿದಿಲ್ಲ. ಅದರೊಳಗೆ ವ್ಯಕ್ತಿಯೊಬ್ಬರ ಹೆಸರಿದ್ದರೆ ಅದೂ ವೈಯಕ್ತಿಕ ದತ್ತಾಂಶವೇ.

ಹಾಗಿದ್ದರೆ ವಿವರವನ್ನು ಸಂಕ್ಷಿಪ್ತಕ್ಕೆ ಇಳಿಸಿದರಾಯಿತಲ್ಲ ಎನಿಸಬಹುದು. ಒಂದೇ ತಿರುಪಿನ ತೊಂದರೆ ಬಯಲಾಗುವುದು ಇಲ್ಲಿಯೇ. ಸಂಕ್ಷಿಪ್ತ ಹಂತದಲ್ಲಿ ಹೆಸರು, ಫೋನ್ ನಂಬರುಗಳಿರುವ 'ವಿವರ' ಸಾಲು ಮರೆಯಾಗುವುದು ನಿಜ. ಆದರೆ ಅದರೊಂದಿಗೆ 'ಸಂದರ್ಭ' ಸಾಲೂ ಮರೆಯಾಗುತ್ತದೆ, ಮತ್ತು ಲಕ್ಷ್ಮೀಬಾಯಿಯ ಮುರಿದ ಗುಡಿಸು ಕಡತದ ಎಷ್ಟನೆಯ ಸಾಲಿನಲ್ಲಿದೆ ಎಂದು ತಿಳಿಯಲು ಬೇಕಾಗಿದ್ದುದು ಅದೇ ಸಾಲು. ಒಂದು ಸಾಲಿನಲ್ಲಿ ವ್ಯಕ್ತಿಯ ಗುಟ್ಟಿದೆ, ಇನ್ನೊಂದರಲ್ಲಿ ಬರೀ ಸ್ಥಳಸೂಚನೆಯಿದೆ. ಸೆಟ್ಟಿಂಗ್ ಮಾತ್ರ ಎರಡನ್ನೂ 'ಹೆಚ್ಚುವರಿ ವಿವರ' ಎಂಬ ಒಂದೇ ಗಂಟಿನಲ್ಲಿ ಕಟ್ಟಿದೆ. ಹೆಚ್ಚು, ಕಡಿಮೆ ಎಂಬ ಅಳತೆಯಲ್ಲಿ ವಿಂಗಡಿಸಿದ್ದನ್ನು ಗುಟ್ಟಿನದು, ಗುಟ್ಟಲ್ಲದ್ದು ಎಂಬ ಅಳತೆಯಲ್ಲಿ ವಿಂಗಡಿಸಿದ್ದರೆ ನಿರ್ವಾಹಕರು ಇವೆರಡರಲ್ಲಿ ಒಂದನ್ನು ಕಳೆದುಕೊಳ್ಳಬೇಕಾಗಿರಲಿಲ್ಲ. ಇತ್ತೀಚಿನ ವಿನ್ಯಾಸಗಳು ಈ ದಿಕ್ಕಿನಲ್ಲಿ ಹೆಜ್ಜೆಯಿಟ್ಟಿವೆ: 2020ರಲ್ಲಿ ಬಂದ ಪೋಸ್ಟ್‌ಗ್ರೆಸ್‌ಕ್ಯೂಎಲ್ 13ನೆಯ ಆವೃತ್ತಿಯಲ್ಲಿ, ಆದೇಶದ ಚೌಕಟ್ಟಿನಿಂದ ಬೇರೆಯಾಗಿ ಕಳುಹಿಸಿದ ಬೆಲೆಗಳನ್ನು ದೋಷದ ಸಮಯದಲ್ಲಿ ಎಷ್ಟು ಬೈಟಿನವರೆಗೆ ಬರೆಯಬಹುದು ಎಂಬುದಕ್ಕೆ ಪ್ರತ್ಯೇಕ ಸೆಟ್ಟಿಂಗ್ ಕೊಡಲಾಯಿತು, ಅದರ ಡೀಫಾಲ್ಟ್ ಸೊನ್ನೆ, ಅಂದರೆ ಏನನ್ನೂ ಬರೆಯಬೇಡ. ಮೈಎಸ್‌ಕ್ಯೂಎಲ್ ಪಾಸ್‌ವರ್ಡ್ ಇರುವ ಆದೇಶಗಳನ್ನು ಲಾಗ್‌ಗೆ ಬರೆಯುವ ಮೊದಲು ಪಾಸ್‌ವರ್ಡಿನ ಭಾಗವನ್ನು ಮರೆಮಾಡಿ ಬರೆಯುತ್ತದೆ. ಹಾಗೆ ಮಾಡದಿರಲು ನಿರ್ವಾಹಕರು ಬೇಕೆಂದೇ ಕೇಳಿಕೊಳ್ಳಬೇಕು.

ಎಲ್ಲಿ, ಯಾವ ಹೊತ್ತಿನಲ್ಲಿ, ಎಷ್ಟು ದಿನ

ಲಾಗ್ ಹೋಗುವ ಜಾಗ ಮನುಷ್ಯರು ಓದುವ ಪಠ್ಯ ಕಡತವಾಗಬಹುದು, ಕೋಷ್ಟಕ ರೂಪದ ಸಿಎಸ್‌ವಿ ಅಥವಾ ಪ್ರತಿ ಅಂಶಕ್ಕೂ ಹೆಸರಿಟ್ಟು ಬರೆಯುವ ಜೇಸನ್ ರೂಪದ ಕಡತವಾಗಬಹುದು, ಇಲ್ಲವೇ ಕಾರ್ಯಾಚರಣ ವ್ಯವಸ್ಥೆಯ ಸಿಸ್‌ಲಾಗ್ ಆಗಬಹುದು. ರೂಪದ ಆಯ್ಕೆ ಓದುವವರು ಯಾರೆಂಬುದನ್ನು ಅವಲಂಬಿಸಿದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ ಪಠ್ಯ ಲಾಗ್‌ನಲ್ಲಿ ಯಾರೂ ಸೆಟ್ಟಿಂಗ್ ಮುಟ್ಟದಿದ್ದರೆ ಪ್ರತಿ ಸಾಲಿನ ಮೊದಲಿಗೆ ಸಮಯ ಮತ್ತು ಪ್ರಕ್ರಿಯೆಯ ಸಂಖ್ಯೆ ಮಾತ್ರ ಇರುತ್ತವೆ. ಯಾವ ಬಳಕೆದಾರರು, ಯಾವ ಡೇಟಾಬೇಸ್ ಎಂಬುದಾಗಲಿ ದೋಷದ ಸಂಕೇತವಾಗಲಿ ಇರುವುದಿಲ್ಲ. ಈ ಐದು ಸ್ಥಾನಗಳ ಸಂಕೇತ ಬಹಳ ಉಪಯುಕ್ತವಾದದ್ದು, ಏಕೆಂದರೆ ಸಂದೇಶದ ಮಾತು ಯಾವ ಭಾಷೆಗೆ ಅನುವಾದಗೊಂಡರೂ, ಮುಂದಿನ ಆವೃತ್ತಿಯಲ್ಲಿ ವಾಕ್ಯ ಬದಲಾದರೂ ಮುರಿದ ಅಕ್ಷರದ ದೋಷಕ್ಕೆ 22021, ನಿಯಮ ಮೀರಿದ ಬೆಲೆಗೆ 23514 ಎಂಬ ಸಂಕೇತಗಳು ಬದಲಾಗುವುದಿಲ್ಲ. ವಾರಕ್ಕೆ ಎಷ್ಟು ಹೆಸರುಗಳು ಲಿಪಿಯ ಕಾರಣದಿಂದ ತಿರಸ್ಕೃತವಾದವು ಎಂದು ಎಣಿಸಬಯಸುವ ಸಂಸ್ಥೆ ಈ ಸಂಕೇತವನ್ನು ಸಾಲಿಗೆ ಸೇರಿಸಿಕೊಳ್ಳಬೇಕು, ಇಲ್ಲವೇ ಅದು ತಾನಾಗಿಯೇ ಬರುವ ಸಿಎಸ್‌ವಿ, ಜೇಸನ್ ರೂಪಗಳಿಗೆ ಹೋಗಬೇಕು.

ಸಮಯದ ಸೆಟ್ಟಿಂಗ್ ಅಲ್ಪವೆನಿಸಿದರೂ ಗೊಂದಲಕ್ಕೆ ಮೂಲ. ಮೈಎಸ್‌ಕ್ಯೂಎಲ್ ತನ್ನ ದೋಷದಾಖಲೆಯಲ್ಲಿ ಡೀಫಾಲ್ಟ್ ಆಗಿ ಅಂತರರಾಷ್ಟ್ರೀಯ ಮಾನಕ ಸಮಯವನ್ನು ಬಳಸುವುದರಿಂದ ಮುಂಬಯಿಯಲ್ಲಿ ಬೆಳಿಗ್ಗೆ 11ಕ್ಕೆ ಆದ ದೋಷ 5:30ರ ಹೆಸರಿನಲ್ಲಿ ದಾಖಲಾಗುತ್ತದೆ. ಸ್ಥಳೀಯ ಸಮಯಕ್ಕೆ ಬದಲಿಸಲು ಅವಕಾಶವಿದೆ. ಆದರೆ ಸಮಯದ ಜೊತೆಗೆ ಯಾವ ವಲಯದ್ದೆಂಬುದನ್ನೂ ಬರೆಯದ ಹೊರತು ಬೇರೆಬೇರೆ ಊರುಗಳ ಸರ್ವರ್‌ಗಳ ದಾಖಲೆಗಳನ್ನು ಜೋಡಿಸಿ ನೋಡಲಾಗದು.

ಬರೆಯುವ ವೇಗಕ್ಕೂ ಸರ್ವರಿನ ಕೆಲಸದ ವೇಗಕ್ಕೂ ಘರ್ಷಣೆಯಾದಾಗ ಏನು ಮಾಡಬೇಕೆಂಬುದು ಹೆಚ್ಚು ತೊಡಕಿನ ಪ್ರಶ್ನೆ. ದೋಷಗಳ ಪ್ರವಾಹವೇ ಬಂದು ಲಾಗ್ ಬರೆಯುವ ಪ್ರಕ್ರಿಯೆ ಹಿಂದೆ ಬಿದ್ದರೆ, ಸಂದೇಶಗಳನ್ನು ಕೈಬಿಟ್ಟು ಜನರ ಕೆಲಸ ಮುಂದುವರಿಸಬೇಕೇ, ಅಥವಾ ಕೆಲಸವನ್ನು ತಡೆದಾದರೂ ಪ್ರತಿ ಸಂದೇಶವನ್ನೂ ಬರೆಯಬೇಕೇ? ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ ಲಾಗ್ ಸಂಗ್ರಾಹಕವನ್ನು ಯಾವ ಸಂದೇಶವನ್ನೂ ಕಳೆದುಕೊಳ್ಳದಂತೆ ರೂಪಿಸಲಾಗಿದೆ. ಅತಿಯಾದ ಹೊರೆ ಬಿದ್ದಾಗ ಸರ್ವರಿನ ಪ್ರಕ್ರಿಯೆಗಳೇ ಸಂದೇಶ ಒಪ್ಪಿಸಲು ಕಾದು ನಿಲ್ಲಬೇಕಾಗಬಹುದೆಂದು ಅದರ ಅಧಿಕೃತ ಕೈಪಿಡಿ ಎಚ್ಚರಿಸುತ್ತದೆ. ಸಿಸ್‌ಲಾಗ್ ಇದಕ್ಕೆ ವಿರುದ್ಧವಾಗಿ, ಬರೆಯಲಾಗದಿದ್ದರೆ ಸಂದೇಶವನ್ನು ಬಿಟ್ಟುಬಿಡುವ ಸ್ವಭಾವದ್ದು. ಲಾಗ್ ಎಲ್ಲಿ ಹೋಗಬೇಕೆಂದು ಆರಿಸುವಾಗ ನಿರ್ವಾಹಕರು ತಮಗೆ ಅರಿವಿಲ್ಲದೆಯೇ ಈ ಆಯ್ಕೆಯನ್ನೂ ಮಾಡಿರುತ್ತಾರೆ.

ಉಳಿಸಿಕೊಳ್ಳುವ ಅವಧಿಯ ವಿಷಯದಲ್ಲಿ ತಂತ್ರಾಂಶದ ಲೆಕ್ಕಾಚಾರವೂ ನೆಲದ ಕಾನೂನೂ ಎದುರುಬದುರಾಗುತ್ತವೆ. ಎಸ್‌ಕ್ಯೂಎಲ್ ಸರ್ವರ್ ಪ್ರತಿ ಸಲ ಹೊಸದಾಗಿ ಆರಂಭವಾದಾಗ ಹೊಸ ಲಾಗ್ ಕಡತ ತೆರೆದು, ಡೀಫಾಲ್ಟ್ ಆಗಿ ಹಳೆಯ ಆರು ಕಡತಗಳನ್ನಷ್ಟೇ ಇಟ್ಟುಕೊಳ್ಳುತ್ತದೆ. ಇದನ್ನು 99ರವರೆಗೆ ಹೆಚ್ಚಿಸಬಹುದು. ತೊಂದರೆಯ ದಿನವೊಂದರಲ್ಲಿ ಸರ್ವರನ್ನು ಮತ್ತೆಮತ್ತೆ ನಿಲ್ಲಿಸಿ ಶುರುಮಾಡಿದರೆ, ಆ ತೊಂದರೆಯ ಮೊದಲ ಸುಳಿವಿದ್ದ ಕಡತವೇ ಅಳಿಸಿಹೋಗಬಹುದು. ಪೋಸ್ಟ್‌ಗ್ರೆಸ್‌ಕ್ಯೂಎಲ್ ದಿನಕ್ಕೊಮ್ಮೆ ಅಥವಾ 10 ಎಂಬಿ ತುಂಬಿದೊಡನೆ ಹೊಸ ಕಡತಕ್ಕೆ ತಿರುಗುತ್ತದೆ, ಹಳೆಯದನ್ನು ತಾನಾಗಿ ಅಳಿಸುವುದಿಲ್ಲ; ಕಡತಗಳಿಗೆ ವಾರದ ಹೆಸರಿಟ್ಟು ಏಳು ದಿನಗಳ ಲಾಗ್ ಮಾತ್ರ ಉಳಿಯುವಂತೆ ಮಾಡುವ ವಿಧಾನ ಅದರ ಕೈಪಿಡಿಯಲ್ಲಿಯೇ ಇದೆ. ಆದರೆ ಭಾರತದ ಕಂಪ್ಯೂಟರ್ ತುರ್ತು ಸ್ಪಂದನಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸೇವಾದಾರರು, ಸಂಸ್ಥೆಗಳು, ಸರ್ಕಾರಿ ಕಚೇರಿಗಳು ತಮ್ಮ ಕಂಪ್ಯೂಟರ್ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಕಾಯ್ದಿಡಬೇಕು. ಬೇರೆ ದೇಶದ ಕೈಪಿಡಿಯ ಉದಾಹರಣೆಯನ್ನು ಇದ್ದಂತೆಯೇ ನಕಲು ಮಾಡಿದ ಮುಂಬಯಿಯ ಕಚೇರಿ ಎಂಟನೆಯ ದಿನಕ್ಕೇ ಈ ನಿರ್ದೇಶನವನ್ನು ಮುರಿದಿರುತ್ತದೆ. ತಂತ್ರಾಂಶ ಅವಧಿಯನ್ನು ತಾನೇ ನಿಗದಿಪಡಿಸದೆ ಉಪಾಯವನ್ನಷ್ಟೇ ಕೊಟ್ಟು, ಅವಧಿಯನ್ನು ಆಯಾ ನೆಲದ ನಿಯಮಕ್ಕೆ ಬಿಡುವುದೇ ಸರಿ. ಹಾಗೆಯೇ ಖಾಸಗಿ ವಿವರ ತುಂಬಿದ ಲಾಗ್ 180 ದಿನ ಉಳಿಯುವುದೆಂದರೆ ಸೋರಿಕೆಯ ಅಪಾಯವೂ ಅಷ್ಟೇ ದಿನ ಉಳಿಯುತ್ತದೆಂಬುದರಿಂದ, ವಿವರದ ಸೆಟ್ಟಿಂಗನ್ನೂ ಅವಧಿಯ ಸೆಟ್ಟಿಂಗನ್ನೂ ಒಟ್ಟಿಗೆ ಯೋಚಿಸಬೇಕಾಗುತ್ತದೆ.

ನಿಲ್ಲಿಸದೆ ಬದಲಿಸುವುದು

ದೋಷ ಕಾಣಿಸಿಕೊಂಡ ಮೇಲೆ ಹೆಚ್ಚಿನ ವಿವರ ಬೇಕಾಗುವುದು ಸಹಜ. ಅದಕ್ಕಾಗಿ ಸರ್ವರನ್ನು ನಿಲ್ಲಿಸಿ ಮತ್ತೆ ಆರಂಭಿಸಬೇಕೆಂದಾದರೆ ಹುಡುಕುತ್ತಿದ್ದ ದೋಷವೇ ಮಾಯವಾಗಬಹುದು, ಕಚೇರಿಯ ಕೆಲಸವಂತೂ ನಿಲ್ಲುತ್ತದೆ. ಆದ್ದರಿಂದ ಒಳ್ಳೆಯ ವಿನ್ಯಾಸದಲ್ಲಿ ಪ್ರತಿ ಸೆಟ್ಟಿಂಗಿಗೂ ಅದನ್ನು ಯಾವಾಗ, ಯಾರು ಬದಲಿಸಬಹುದು ಎಂಬ ಲಕ್ಷಣವೂ ಅಂಟಿಕೊಂಡಿರುತ್ತದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಲಾಗ್ ಸಂಗ್ರಾಹಕವನ್ನು ಹೊಸದಾಗಿ ಶುರುಮಾಡಲು ಮಾತ್ರ ಸರ್ವರ್ ಮರುಪ್ರಾರಂಭವಾಗಬೇಕು. ಲಾಗ್ ಹೋಗುವ ಜಾಗವನ್ನು ಸಂರಚನಾ ಕಡತವನ್ನು ಮರುಓದಿಸಿ ಬದಲಿಸಬಹುದು. ತೀವ್ರತೆಯ ಮಿತಿಯನ್ನು ಒಂದು ಡೇಟಾಬೇಸಿಗೆ, ಒಬ್ಬ ಬಳಕೆದಾರರಿಗೆ, ಒಂದೇ ಸಂಪರ್ಕಕ್ಕೆ ಸೀಮಿತವಾಗಿಯೂ ಬದಲಿಸಬಹುದು. ಸಮೀಕ್ಷೆಯ ಕಡತ ತುಂಬುವ ಖಾತೆಯೊಂದಕ್ಕೆ ಮಾತ್ರ ಎರಡು ತಾಸು ವಿಸ್ತೃತ ಲಾಗ್ ತೆರೆದು, ಉಳಿದ ಸಾವಿರಾರು ಜನರ ಕೆಲಸವನ್ನು ಸಾಮಾನ್ಯ ಮಿತಿಯಲ್ಲಿಯೇ ಬಿಡುವುದು ಇದರಿಂದ ಸಾಧ್ಯ. ಆದರೆ ಲಾಗ್ ಮಿತಿಯನ್ನು ಬದಲಿಸುವ ಹಕ್ಕು ಮೇಲ್ದರ್ಜೆಯ ನಿರ್ವಾಹಕರಿಗೂ ಅವರು ಅನುಮತಿ ಕೊಟ್ಟವರಿಗೂ ಮೀಸಲು, ಏಕೆಂದರೆ ಸಾಮಾನ್ಯ ಬಳಕೆದಾರರಿಗೆ ಆ ಹಕ್ಕು ಸಿಕ್ಕರೆ ತಮ್ಮ ಕೃತ್ಯದ ಜಾಡನ್ನು ಬರೆಯದಂತೆ ಅವರೇ ತಡೆಯಬಹುದು.

ದೋಷದಾಖಲೆಗೆ ಕಾಣದ ತಪ್ಪುಗಳು

ಎಷ್ಟೇ ಚೆನ್ನಾಗಿ ಹೊಂದಿಸಿದರೂ ಸರ್ವರ್ ಬರೆದಿಡುವುದು ತಾನು ತಪ್ಪೆಂದು ತಿಳಿದದ್ದನ್ನು ಮಾತ್ರ. ಮೈಎಸ್‌ಕ್ಯೂಎಲ್‌ನ 2015ರ 5.7ನೆಯ ಆವೃತ್ತಿಯಿಂದ ಕಟ್ಟುನಿಟ್ಟಿನ ವಿಧಾನವೇ ಡೀಫಾಲ್ಟ್ ಆಯಿತು. ಆ ವಿಧಾನ ಇಲ್ಲದಿರುವಲ್ಲಿ ಕಲಂಗೆ ಹಿಡಿಸದ ಉದ್ದನೆಯ ಹೆಸರನ್ನು ಅದು ಕತ್ತರಿಸಿ ಸೇರಿಸಿಕೊಂಡು, ಕಳುಹಿಸಿದವರಿಗೆ ಒಂದು ಎಚ್ಚರಿಕೆ ಕೊಟ್ಟು ಸುಮ್ಮನಾಗುತ್ತದೆ, ದೋಷದಾಖಲೆಯಲ್ಲಿ ಅದರ ಜಾಡೇ ಇರುವುದಿಲ್ಲ. ಲಕ್ಷ್ಮೀಬಾಯಿ ಎಂಬುದನ್ನು ಲಕ್ಷ್ಮಿಬಾಯಿ ಎಂದು ಬರೆದರೆ, 1998 ಎಂಬುದನ್ನು 2001 ಎಂದು ತುಂಬಿದರೆ ಎಲ್ಲ ನಿಯಮಗಳ ದೃಷ್ಟಿಯಲ್ಲಿ ಅವು ಶುದ್ಧವೇ, ಆದ್ದರಿಂದ ಸರ್ವರ್ ಮೌನವಾಗಿರುತ್ತದೆ. ಒಂದು ಕುಟುಂಬದ ಅರ್ಹತೆ ಮಾತ್ರ ಗಡಿಯ ಆಚೆಗೆ ಜಾರಿಹೋಗಿರುತ್ತದೆ. ಯಾರು, ಯಾವಾಗ, ಯಾವ ದಾಖಲೆಯನ್ನು ಹೇಗಿದ್ದುದನ್ನು ಹೇಗೆ ಬದಲಿಸಿದರು ಎಂಬುದನ್ನು ಬರೆದಿಡುವುದು ಲೆಕ್ಕಪರಿಶೋಧನಾ ದಾಖಲೆ, ಅಂದರೆ ಆಡಿಟ್ ಲಾಗ್. ಅದು ಬೇರೆಯೇ ಪುಸ್ತಕ. ಅದಕ್ಕೆ ಬೇರೆಯೇ ಓದುಗರು, ಬೇರೆಯೇ ಕಾವಲು ಬೇಕು. ಇವೆರಡನ್ನೂ ಒಂದೇ ಕಡತಕ್ಕೆ ಸುರಿದರೆ ಡಿಸ್ಕ್ ತುಂಬಿದೆ ಎಂಬ ಸಾಲು ಲಕ್ಷಾಂತರ ತಿದ್ದುಪಡಿಗಳ ನಡುವೆ ಕಳೆದುಹೋಗುತ್ತದೆ, ತಿದ್ದುಪಡಿಯ ಪುರಾವೆ ಲಾಗ್ ತಿರುಗುವಾಗ ಅಳಿಸಿಹೋಗುತ್ತದೆ.

ಯಾರೂ ಮುಟ್ಟದ ಸೆಟ್ಟಿಂಗ್

ನೂರಾರು ಸೆಟ್ಟಿಂಗ್‌ಗಳಿರುವ ಕಡತವನ್ನು ತೆರೆದು ಓದುವಷ್ಟು ಪುರುಸೊತ್ತು, ಪರಿಣತಿ ಇರುವ ಸಿಬ್ಬಂದಿ ದೊಡ್ಡ ಬ್ಯಾಂಕುಗಳಲ್ಲಿ ಇರಬಹುದು; ವಾರ್ಡ್ ಕಚೇರಿಯಲ್ಲಿ, ಸಹಕಾರಿ ಪತ್ತಿನ ಸಂಘದಲ್ಲಿ, ಸ್ವಯಂಸೇವಾ ಸಂಸ್ಥೆಯಲ್ಲಿ ಸರ್ವರ್ ಬಹುಮಟ್ಟಿಗೆ ತಯಾರಕರು ಕೊಟ್ಟ ಡೀಫಾಲ್ಟ್‌ನಲ್ಲಿಯೇ ಓಡುತ್ತದೆ. ಹಾಗಾಗಿ ಸೆಟ್ಟಿಂಗ್ ಕೊಟ್ಟೆವು, ಆಯ್ಕೆ ನಿಮ್ಮದು ಎಂದು ಹೇಳಿ ರಚನಕಾರರು ಹೊಣೆಯಿಂದ ಜಾರಿಕೊಳ್ಳಲಾಗದು. ಡೇಟಾಬೇಸಿನ ಒಳಗಿನ ನಿಯತ ನಿರ್ವಹಣೆಯ ಎರಡು ಕೆಲಸಗಳನ್ನು, ಅಂದರೆ ಸ್ಮೃತಿಯಲ್ಲಿರುವುದನ್ನು ಡಿಸ್ಕಿಗೆ ಇಳಿಸುವ ಚೆಕ್‌ಪಾಯಿಂಟನ್ನೂ ಹತ್ತು ನಿಮಿಷಕ್ಕಿಂತ ಹೆಚ್ಚು ಹಿಡಿಯುವ ಶುಚಿಕಾರ್ಯವನ್ನೂ, 2022ರ 15ನೆಯ ಆವೃತ್ತಿಯಿಂದ ಪೋಸ್ಟ್‌ಗ್ರೆಸ್‌ಕ್ಯೂಎಲ್ ಡೀಫಾಲ್ಟ್ ಆಗಿಯೇ ಲಾಗ್‌ಗೆ ಬರೆಯತೊಡಗಿದ್ದು ಈ ಹೊಣೆಯನ್ನು ಒಪ್ಪಿಕೊಂಡದ್ದರ ಗುರುತು. ಆ ಸೌಲಭ್ಯಗಳು ಅದಕ್ಕೆ ಮೊದಲೂ ಇದ್ದವು, ಆದರೆ ಕೇಳಿ ಪಡೆಯಬೇಕಾಗಿತ್ತು.

ಕೊಳ್ಳುವವರ ಪಾಲಿಗೂ ಹೊಣೆಯಿದೆ. ಸಾರ್ವಜನಿಕ ಕೆಲಸಕ್ಕಾಗಿ ಡೇಟಾಬೇಸ್ ಕಟ್ಟಿಸುವ ಸಂಸ್ಥೆಯು ಗುತ್ತಿಗೆಯ ಷರತ್ತುಗಳಲ್ಲಿ ಪರದೆಯ ಬಣ್ಣ, ವರದಿಯ ನಮೂನೆಗಳ ಜೊತೆಗೆ ನಾಲ್ಕು ಸಂಗತಿಗಳನ್ನು ಬರೆಸಿಕೊಳ್ಳಬಹುದು: ದೋಷದ ಸಂಕೇತವೂ ಕಡತದ ಸಾಲಿನ ಸಂಖ್ಯೆಯೂ ಲಾಗ್‌ನಲ್ಲಿ ಬರಲೇಬೇಕು, ವ್ಯಕ್ತಿಗಳ ಹೆಸರು, ಗುರುತಿನ ಸಂಖ್ಯೆ ಬರಕೂಡದು, 180 ದಿನ ಉಳಿಯಬೇಕು, ಒಪ್ಪಿಸುವ ಮೊದಲು ಆ ಪ್ರದೇಶದ ಜನ ಬರೆಯುವ ಪ್ರತಿ ಲಿಪಿಯಲ್ಲಿಯೂ ಉದ್ದನೆಯ ಹೆಸರೊಂದನ್ನು ತುಂಬಿ, ಬೇಕೆಂದೇ ಮುರಿದು, ಲಾಗ್‌ನಲ್ಲಿ ಏನು ಬಂತೆಂದು ತೋರಿಸಬೇಕು. ಧಾರಾವಿಯಂತಹ ಕಡೆ ಈ ಕೊನೆಯ ಪರೀಕ್ಷೆಗೆ ಏಳೆಂಟು ಲಿಪಿಗಳ ಒಂದು ಪುಟ್ಟ ಕಡತ ಸಾಕು, ಅದನ್ನು ತುಂಬಿ ನೋಡಲು ಒಂದು ಮಧ್ಯಾಹ್ನ ಸಾಕು.